ಟರ್ಪಾಲಿನ ಹೊಂಡದಲ್ಲಿ ಕಾಡುಕುರಿ

ನೆರಿಯ ಊರಿನ ರಾಜೀವಿ ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದಾಗ ಗುಡ್ಡದ ಕಡೆಯಿಂದ ಅವಳ ನಾಯಿ ಬೊಳ್ಳನ ಬೊಗಳು ಕೇಳಿಸಿತು. ಆಮೇಲೆ ಏನೋ ನೀರಿಗೆ ಬಿದ್ದ ಸದ್ದು. ಹಿಂದೆಯೇ ಇನ್ನೊಂದು. ಬೊಗಳುವುದು ನಿಂತೇ ಹೋಯಿತು.

ಕೈ ಒರೆಸಿಕೊಳ್ಳದೆ ಓಡಿದಳು. ತರಕಾರಿಗೆ ನೀರು ಬೇಕೆಂದು ಈ ವರ್ಷ ಗುಡ್ಡದಲ್ಲಿ ಹೊಂಡ ತೋಡಿಸಿ, ಒಳಗೆಲ್ಲ ದಪ್ಪ ಟರ್ಪಾಲು ಹಾಸಿಸಿದ್ದಳು. ಅದರಲ್ಲೀಗ ಎರಡು ತಲೆಗಳು. ಒಂದು ಬೊಳ್ಳನದು, ಇನ್ನೊಂದು ಕಾಡುಕುರಿಯದು, ಕುರಿಯಷ್ಟೇ ಎತ್ತರದ ಸಣ್ಣ ಜಿಂಕೆ. ಏಪ್ರಿಲ್ ಬಿಸಿಲಿಗೆ ಕಾಡಿನೊಳಗಿನ ತೋಡು ಬತ್ತಿದ ಮೇಲೆ ನೀರು ಹುಡುಕಿ ಇಳಿದು ಬಂದದ್ದನ್ನು ನಾಯಿ ಅಟ್ಟಿರಬೇಕು. ಎರಡೂ ದಡಕ್ಕೆ ಕಾಲಿಡುತ್ತಿದ್ದವು, ಪಾಚಿಗಟ್ಟಿದ ಟರ್ಪಾಲಿನಲ್ಲಿ ಜಾರಿ ಮತ್ತೆ ನೀರಿಗೆ ಬೀಳುತ್ತಿದ್ದವು.

ದನದ ಹಟ್ಟಿಯಿಂದ ಬಿದಿರಿನ ಏಣಿ ತಂದಳು. ಮೆಟ್ಟಿಲುಗಳ ಸಂದಿನಲ್ಲಿ ಕಾಲು ಸಿಕ್ಕಬಾರದೆಂದು ಮೇಲೆ ಗೋಣಿಚೀಲ ಬಿಗಿದು, ತುದಿಯನ್ನು ದಡದ ಗೇರುಮರಕ್ಕೆ ಕಟ್ಟಿ ಹೊಂಡಕ್ಕೆ ಇಳಿಬಿಟ್ಟಳು. ಬೊಳ್ಳ ಹತ್ತಿ ಬಂದು ಅವಳ ಕಾಲಬುಡದಲ್ಲಿ ಕುಸಿಯಿತು. ಕಾಡುಕುರಿ ಮಾತ್ರ ಅವಳನ್ನು ಕಂಡು ಆಚೆ ಮೂಲೆಗೆ ಈಜಿತು.

ಅರಣ್ಯ ಇಲಾಖೆಯ ವಾಚರ್ ರುಕ್ಮಯ್ಯನಿಗೆ ಫೋನ್ ಮಾಡಿದಳು.

"ನಾನು ಬರ್ಲಿಕ್ಕೆ ಮುಕ್ಕಾಲು ಗಂಟೆ ಬೇಕು. ಏಣಿ ಅಲ್ಲೇ ಇರ್ಲಿ, ನೀವು ದೂರ ಹೋಗಿ. ಮನುಷ್ಯರನ್ನು ಕಂಡ್ರೆ ಅದು ಹೆದರಿಯೇ ಸಾಯ್ತದೆ," ಎಂದ ಅವನು.

ಅಷ್ಟರಲ್ಲಿ ನೆರೆಮನೆಯ ಶೀನಪ್ಪ ಹಗ್ಗ ಹಿಡಿದು ಓಡಿ ಬಂದ. "ಕೊರಳಿಗೆ ಹಾಕಿ ಎಳೀತೇನೆ ರಾಜೀವಕ್ಕ. ಮುಳುಗ್ತಾ ಉಂಟು ಅದು!"

"ಬೇಡ. ಬನ್ನಿ, ಆಚೆ ಹೋಗುವ."

"ನೋಡ್ತಾ ನೋಡ್ತಾ ಸಾಯ್ಲಿಕ್ಕೆ ಬಿಡುವುದಾ?"

"ನೋಡುವುದೇ ಬೇಡ ಅಂತ ನಾನು ಹೇಳುವುದು!"

ಪಂಪಿನ ಕೋಣೆಯ ಹಿಂದೆ ಇಬ್ಬರೂ ಕುಳಿತರು. ರಾಜೀವಿ ಬೊಳ್ಳನ ಕುತ್ತಿಗೆಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೆಂಪು ಮುರಕಲ್ಲಿನ ಗೋಡೆ ಬೆನ್ನು ಸುಡುತ್ತಿತ್ತು. ಹೊಂಡದಿಂದ ನೀರು ಬಡಿಯುವ ಸದ್ದು, ಜಾರುವ ಸದ್ದು. ಮತ್ತೆ ಅದೇ. ಸದ್ದು ನಿಧಾನವಾಗುತ್ತ ಬಂದು ಕೊನೆಗೆ ಏನೂ ಕೇಳಿಸದಾಯಿತು.

ಶೀನಪ್ಪ ಎದ್ದ. ಅವಳು ಅವನ ಲುಂಗಿ ಹಿಡಿದು ಕೂರಿಸಿದಳು. ತಾನೇ ಕೊಂದೆನೇನೋ ಎಂದುಕೊಂಡಳು.

ಬಿದಿರು ಕಿರುಗುಟ್ಟಿತು.

ಗೋಡೆಯ ಅಂಚಿನಿಂದ ಇಣುಕಿದರೆ ಕಾಡುಕುರಿ ಗೇರುಮರದ ಬುಡದಲ್ಲಿ ಬಿದ್ದಿತ್ತು. ಹೊಟ್ಟೆ ಏರಿಳಿಯುತ್ತಿತ್ತು. ಎದ್ದಿತು, ಮುಂಗಾಲು ಮಡಚಿ ಬಿತ್ತು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಎದ್ದು, ತಿರುಗಿ ನೋಡದೆ ಪೊದೆಗಳ ನಡುವೆ ಗುಡ್ಡ ಹತ್ತಿತು.

"ಹೋಯ್ತು ಮಾರಾಯ್ತಿ," ಎಂದ ಶೀನಪ್ಪ.

ಆಮೇಲೆ ಬಂದ ರುಕ್ಮಯ್ಯನೂ ಸೇರಿ ಸಂಜೆ ಮೂವರು ಹೊಂಡದ ಉಳಿದ ಬದಿಗಳಿಗೂ ಗೋಣಿ ಹಾಸಿ ಗೂಟ ಬಡಿದರು. ಕಾಡಿನಂಚಿನಲ್ಲಿ ಒಂದು ಅಗಲದ ಸಿಮೆಂಟ್ ಬಾನಿ ಇಟ್ಟು ರಾಜೀವಿ ನಾಲ್ಕು ಕೊಡ ನೀರು ಸುರಿದಳು.