ಕೆಂಪವ್ವನ ಹೂಂ

ನಮ್ಮ ಕಡೆ ಕುರುಬರ ಮನೆಗಳಲ್ಲಿ ಕಥೆ ಹೇಳುವವರು ಒಬ್ಬರೇ ಇದ್ದರೆ ಕಥೆ ನಡೆಯುವುದಿಲ್ಲ. ಎದುರಿಗೆ ಕುಳಿತವರು ಮಾತು ಮಾತಿಗೂ ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತಿತೆಂದರೆ ಕೇಳುವವರಿಲ್ಲ ಎಂದು ತಿಳಿದು ಹೇಳುವವರೂ ಅಲ್ಲಿಗೇ ಬಿಡುತ್ತಾರೆ. ಬೀರದೇವರ ಕಥೆಯಾದರೂ ಅಷ್ಟೇ, ಬೇಲಿ ಹಾರಿದ ಹೋತದ ಕಥೆಯಾದರೂ ಅಷ್ಟೇ.

ಜುಗೂಳದ ಮಾಳಸಿದ್ದನ ಮಗಳು ಸೋನಾಲಿ ಇಂಥ ಮನೆಯಲ್ಲಿ ಬೆಳೆದವಳು. ಏಳನೇ ಇಯತ್ತೆ ಮುಗಿಸಿ ವಸತಿ ಶಾಲೆಯ ಪರೀಕ್ಷೆ ಬರೆದು ಪಾಸಾಗಿದ್ದಳು. ಇನ್ನು ಮೌಖಿಕವೊಂದು ಉಳಿದಿತ್ತು. ಹಿಂದೆ ನಡೆದ ಒಂದು ಸಂಗತಿಯನ್ನು ಐದು ನಿಮಿಷ ಇಂಗ್ಲಿಷಿನಲ್ಲಿ ಹೇಳಬೇಕು. ಸೀಟು ಸಿಕ್ಕರೆ ಅಲ್ಲೇ ಇದ್ದು ಓದು. ಸಿಗದಿದ್ದರೆ ದೀಪಾವಳಿ ಕಳೆದ ಮೇಲೆ ಮನೆಗೆ ಬೀಗ ಹಾಕಿ ಎಲ್ಲರೂ ಕುರಿಗಳ ಹಿಂದೆ ನಡೆಯುವಾಗ ಅವಳೂ ನಡೆಯಬೇಕು, ಓದು ಅಲ್ಲಿಗೇ ನಿಲ್ಲಬೇಕು.

ಶಾಲೆಯ ಮೇಘಾ ಅಕ್ಕೋರು ಸದಲಗಾದವರು, ಸಹನೆಯ ಹೆಣ್ಣುಮಗಳು. ನಡೆದುಹೋದದ್ದನ್ನು ಹೇಳುವ ಇಂಗ್ಲಿಷ್ ಮಾತುಗಳನ್ನು ಒಂದು ಹಾಳೆ ತುಂಬ ಬರೆದುಕೊಟ್ಟಿದ್ದರು. ಸೋನಾಲಿ ಅವನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದಳು: ಗೋ ವೆಂಟ್, ಕಮ್ ಕೇಮ್, ಸೀ ಸಾ. ಆದರೆ ಸಂಗತಿಯೊಂದನ್ನು ಹೇಳು ಎಂದರೆ ಮೂರನೆಯ ಮಾತಿಗೇ ನಿಂತುಬಿಡುತ್ತಿದ್ದಳು. ಯಾಕೆಂದು ಅಕ್ಕೋರು ಕೇಳಿದಾಗ ತಲೆ ತಗ್ಗಿಸಿ ಅಂದಳು:

“ಎಲ್ಲಾರೂ ಸುಮ್ಮ ಕುಂತಿರ್ತಾರ್ರಿ. ಯಾರೂ ಕೇಳಾಕತ್ತಿಲ್ಲ ಅನಸ್ತೈತಿ.”

ಅಕ್ಕೋರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕು, ಹೂಂ ಅನ್ನುವವರು ಮನೆಯಲ್ಲಿದ್ದಾರಲ್ಲ, ಮೊದಲು ಅವರ ಮುಂದೆ ಹೇಳು ಎಂದು ಕಳಿಸಿದರು.

ಅವರು ಹೇಳಿದ್ದು ಅವಳ ಆಯಿಯ ಬಗ್ಗೆ, ಮಾಳಸಿದ್ದನ ತಾಯಿ ಕೆಂಪವ್ವನ ಬಗ್ಗೆ. ಕೆಂಪವ್ವನಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಕುರಿಗಳ ಭಾಷೆಯೂ ಬರುತ್ತಿತ್ತು. ಇಂಗ್ಲಿಷ್ ಮಾತ್ರ ಇಲ್ಲ. ಬೇವಿನ ನೆರಳಲ್ಲಿ ಉಣ್ಣೆ ನೂಲುತ್ತ, ಹೇಳು ಅಂದಳು. ಸೋನಾಲಿ ಹೊಳೆ ಉಕ್ಕಿ ಊರೊಳಗೆ ಬಂದ ವರ್ಷದ ಸಂಗತಿ ತೆಗೆದಳು. ದ ರಿವರ್ ಕೇಮ್. ಹೂಂ. ವಿ ಟುಕ್ ದ ಶೀಪ್. ಹೂಂ. ಮುಂದಿನ ಮಾತಿನಲ್ಲಿ ಹುಡುಗಿ ಒಂದಿಷ್ಟು ತಡವರಿಸಿದಳು. ಕೆಂಪವ್ವ ಹೂಂ ಅನ್ನಲಿಲ್ಲ. ಕದಿರನ್ನು ತಿರುವುತ್ತಲೇ ಇದ್ದಳು. ಸೋನಾಲಿ ಹಾಳೆ ನೋಡಿ ತಿದ್ದಿ ಹೇಳಿದಳು. ಆಗ ಬಂತು ಹೂಂ.

“ಆಯಿ, ನಿನಗ ಇಂಗ್ಲಿಷ್ ತಿಳೀತೈತೇನ?”

“ನನಗ್ಯಾಕ ತಿಳೀಬೇಕಬೇ? ಆಗಿ ಹೋದ ಮಾತು ಗಟ್ಟಿ ನಿಂದರತೈತಿ. ನೀ ಅಂಜಿ ಹೇಳಿದ್ದು ನಿಂದರೂದಿಲ್ಲ.”

ಹದಿನೈದು ದಿನ ಹೀಗೆ ನಡೆಯಿತು. ಒಂದು ಕಂಬಳಿಗಾಗುವಷ್ಟು ನೂಲೂ ಆಯಿತು.

ಮೌಖಿಕದ ದಿನ ಕೆಂಪವ್ವ ಮೊಮ್ಮಗಳ ಹಣೆಗೆ ಬೀರದೇವರ ಭಂಡಾರದ ಅರಿಶಿನ ಹಚ್ಚಿ, ತಾನೂ ಜೊತೆಗೆ ಹೊರಟಳು. ಪಾಲಕರು ಹೊರಗೆ ಕೂರಬೇಕೆಂದು ಸಿಪಾಯಿ ಹೇಳಿದ. ಅವಳು ತೆರೆದ ಕಿಟಕಿಯ ಕೆಳಗೇ ಕುಳಿತಳು.

ಒಳಗೆ ಒಬ್ಬ ಸಾಹೇಬರು ಪೆನ್ನು ಹಿಡಿದು ಸುಮ್ಮನೆ ಕಾಯುತ್ತಿದ್ದರು. ಸೋನಾಲಿಗೆ ಹೂಂ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಶುರು ಮಾಡಿದಳು. ದ ರಿವರ್ ಕೇಮ್.

“ಹೂಂ,” ಅಂದಿತು ಕಿಟಕಿ.

ಸಾಹೇಬರು ತಲೆ ಎತ್ತಿದರು. ಸೋನಾಲಿಗೆ ಉಸಿರು ಬಂತು. ನೀರು ಹಟ್ಟಿಯವರೆಗೆ ಏರಿದ್ದು, ಅಪ್ಪ ಕುರಿ ಹೊಡೆದುಕೊಂಡು ಎತ್ತರಕ್ಕೆ ನಡೆದದ್ದು, ಒಂದು ತಾಯಿಕುರಿ ದಾರಿಯಲ್ಲೇ ಮರಿ ಹಾಕಿದ್ದು, ಎಲ್ಲ ಸಾಲಾಗಿ ಬಂತು. ಪ್ರತಿ ಮಾತಿಗೂ ಕಿಟಕಿಯಿಂದ ಹೂಂ. ಅಷ್ಟರಲ್ಲಿ ಸಿಪಾಯಿ ಹೋಗಿ ಮುದುಕಿಗೆ ಸುಮ್ಮನಿರಲು ಹೇಳಿ ಕಿಟಕಿ ಮುಚ್ಚಿದ.

ಆಯಿ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡಳು ಎಂಬಲ್ಲಿಗೆ ಬಂದಿತ್ತು ಸಂಗತಿ. ಸೋನಾಲಿ ನಿಂತಳು. ಮೊದಲಿನಂತೆಯೇ ಮೌನ. ಅವಳು ಮುಚ್ಚಿದ ಕಿಟಕಿಯತ್ತ ನೋಡಿದಳು. ಆಚೆ ಕುಳಿತವಳ ಕೈಯಲ್ಲಿ ಕದಿರಿಲ್ಲದಿದ್ದರೂ ಬೆರಳು ತಿರುಗುತ್ತಿರುತ್ತವೆ, ಕಿವಿ ಇತ್ತಲೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೂಂ ಕೇಳಿಸದಿದ್ದರೇನು? ಕೇಳುವವರಿದ್ದಾರೆ.

“ಮೈ ಗ್ರ್ಯಾಂಡ್‌ಮದರ್ ಕ್ಯಾರೀಡ್ ಇಟ್,” ಅಂದಳು. ಅಂಜದೆ ಅಂದಳು. ಮಾತು ಗಟ್ಟಿಯಾಗಿ ನಿಂತಿತು.

“ಹೂಂ,” ಅಂದರು ಸಾಹೇಬರು. ಅಂದದ್ದು ಅವರಿಗೇ ತಿಳಿದಂತಿರಲಿಲ್ಲ. ಪೆನ್ನು ಮೇಜಿನ ಮೇಲಿತ್ತು.

ಎಂಟು ದಿನಕ್ಕೆ ಸೀಟು ಸಿಕ್ಕವರ ಯಾದಿ ಬಂತು. ಮೂರನೆಯ ಹೆಸರು ಸೋನಾಲಿಯದು. ಮೇಘಾ ಅಕ್ಕೋರು ತಾವೇ ಮನೆಗೆ ಬಂದು ಓದಿ ಹೇಳಿದರು. ಮಾಳಸಿದ್ದ ಹೊರಗೆ ಹೋಗಿ, ಅಂದು ಎತ್ತಿಕೊಂಡು ಬಂದ ಆ ಮರಿ, ಈಗ ಎರಡು ಮರಿಗಳ ತಾಯಿ, ಅದರ ಬೆನ್ನ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ನಿಂತಿದ್ದ. ಕೆಂಪವ್ವ ದೇವರ ಮುಂದೆ ದೀಪ ಹಚ್ಚಿ ಬಂದು ಕಟ್ಟೆಯ ಮೇಲೆ ಕುಳಿತಳು.

ಸುದ್ದಿ ಅರ್ಧ ಕೇಳಿದ ಪಕ್ಕದ ಮನೆಯ ಶೇವಂತಾ ಓಡುತ್ತ ಬಂದು, ನಿಮ್ಮ ಹುಡುಗಿದು ಏನಾಯಿತು ಎಂದು ಕೇಳಿದಳು.

ಕೆಂಪವ್ವ ಸೆರಗು ಸರಿಪಡಿಸಿಕೊಂಡಳು. ಅವಳ ಮುಖ ಹೊಸ ಭಂಡಾರದ ಹಾಗೆ ಹೊಳೆಯುತ್ತಿತ್ತು.

“ನಿಂತ್ಕೊಂಡು ಕೇಳೂದಲ್ಲ ಅದು, ಕುಂಡರ ಬಾ. ಹೂಂ ಅನ್ನಾಕಿ ಇದ್ರ ಹೇಳತೇನಿ.”

ಶೇವಂತಾ ಕುಳಿತಳು.