ಮೈಕಣ್ಣನ ಹೂಂ

ಚಿಕ್ಕಮ್ಮ ತನ್ನ ಅಕ್ಕನ ಎರಡೂ ಭುಜ ಹಿಡಿದು ಅಲುಗಿಸುತ್ತಿದ್ದಳು. "ಅಳು ಅಕ್ಕಾ, ಒಂದ್ಸಲ ಅತ್ತುಬಿಡು. ಒಳಗೇ ಇಟ್ಕೋಬೇಡ." ಅಕ್ಕ ಅಲುಗಿಸಿದಷ್ಟು ಅಲುಗಿ, ಕೈ ಬಿಟ್ಟ ಕೂಡಲೇ ಮತ್ತೆ ಗೋಡೆಗೆ ಒರಗಿದಳು. ಕಣ್ಣು ಒಣಗಿತ್ತು. ಎದುರಿಗೇ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬೆಳಗಿನ ಜಾವ ನಿದ್ದೆಯಲ್ಲೇ ಉಸಿರು ನಿಂತಿತ್ತು. ಮೊದಲು ಮುಟ್ಟಿ ನೋಡಿದವಳು ಅವಳೇ. ಆಗಿನಿಂದ ಅವಳ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ.

ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ಮಗಳು ಇದನ್ನು ನೋಡುತ್ತಿದ್ದಳು. ಅವಳೂ ಅತ್ತಿರಲಿಲ್ಲ. ಆದರೆ ಕೈತುಂಬ ಕೆಲಸ ಇರುವವರು ಅತ್ತರೋ ಬಿಟ್ಟರೋ ಯಾರು ಕೇಳುತ್ತಾರೆ? ಬೆಳಗಿನಿಂದ ಬಾಡಿಗೆ ಕುರ್ಚಿಯವನಿಗೆ ಫೋನ್ ಮಾಡಿದ್ದು, ಲೋಟ ತೊಳೆದದ್ದು ಎಲ್ಲವನ್ನೂ ಬೇರೆ ಯಾರೋ ಮಾಡುತ್ತಿದ್ದಂತೆ, ತಾನು ದೂರ ನಿಂತು ನೋಡುತ್ತಿದ್ದಂತೆ ಇತ್ತು. ಬಿಸಿ ಲೋಟ ಎತ್ತಿದರೆ ಬೆರಳಿಗೆ ಬಿಸಿಯೇ ಅನ್ನಿಸುತ್ತಿರಲಿಲ್ಲ.

"ಕೆನ್ನೆಗೊಂದು ಬಿಟ್ರೆ ಅಳು ತಾನಾಗಿ ಬರುತ್ತೆ," ಎಂದರು ದೊಡ್ಡಪ್ಪ. ಸತ್ತವನ ಅಣ್ಣ ಅವರು. "ನನ್ನ ತಮ್ಮನೂ ಒಂದ್ಸಲ ಹಿಂಗೇ ಬಾಯಿ ಮುಚ್ಕೊಂಡು ಕೂತಿದ್ನಲ್ಲ. ಈಗ ಹೆಂಡತಿ ಸರದಿ."

ಪಕ್ಕದವರು ನಗಬೇಕೋ ಬೇಡವೋ ತಿಳಿಯದೆ ನೆಲ ನೋಡಿದರು. ಮಗಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ, ಹೆದರಿಕೆ ಮಾತ್ರ ಬಂತು. ಅಮ್ಮ ಎಲ್ಲಿಗೆ ಹೋಗಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಹಿಂದೊಮ್ಮೆ ಅಲ್ಲಿಗೆ ಹೋಗಿದ್ದ. ಅವನನ್ನು ಕರೆತಂದವಳು ಅಮ್ಮ. ಈಗ ಅಮ್ಮನೇ ಅಲ್ಲಿ ಹೋಗಿ ಕೂತರೆ ಕರೆತರುವವರು ಯಾರು?

*

ಅಪ್ಪನದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವ ಕೆಲಸ. ಎಲ್ಲರ ಬಾಯಲ್ಲೂ ಅವನು ಮೈಕಣ್ಣ. ಮನೆಗೆ ಬಂದರೂ ಚಟ ಬಿಡುತ್ತಿರಲಿಲ್ಲ. "ಪ್ರಯಾಣಿಕರ ಗಮನಕ್ಕೆ, ಅಡುಗೆಮನೆಯಿಂದ ಹೊರಡಬೇಕಾದ ಊಟ ಇನ್ನೂ ತಡವಾಗಲಿದೆ" ಎಂದು ಕೂಗಿ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳನ್ನು ನಗಿಸುತ್ತಿದ್ದ.

ಒಂದು ಸಂಜೆ ನಿಲ್ದಾಣದ ಗದ್ದಲದಲ್ಲಿ ಹಸಿರು ಅಂಗಿಯ ಪುಟ್ಟ ಹುಡುಗಿಯೊಬ್ಬಳು ತಪ್ಪಿಹೋದಳು. ಮೈಕಣ್ಣ ಕತ್ತಲಾಗುವವರೆಗೂ ಅವಳ ಗುರುತು ಕೂಗಿದ. ಯಾರೂ ಬರಲಿಲ್ಲ. ಮಾರನೆಯ ಬೆಳಗ್ಗೆ ಮೈಕಿನ ಗುಂಡಿ ಒತ್ತಿ ಬಾಯಿ ತೆರೆದರೆ ಬರೀ ಗಾಳಿ ಬಂತು.

ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿ ಏನೂ ಇಲ್ಲ ಎಂದರು. ದೊಡ್ಡಪ್ಪ ಆ ಎರಡು ಮಾತನ್ನು ಹಿಡಿದುಕೊಂಡು ಮನೆಮನೆಗೂ ಹಂಚಿದರು. ಏನೂ ಇಲ್ಲವಂತೆ, ಅಂದಮೇಲೆ ಇದು ನಾಟಕ. ಆ ಹುಡುಗಿ ಅದೇ ರಾತ್ರಿ ತನ್ನ ಅಜ್ಜಿಯ ಮನೆಯಲ್ಲಿ ಸಿಕ್ಕಿದ್ದಳು. ಮೈಕಿನ ಕೋಣೆಗೂ ಒಂದು ಮಾತು ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ತಡವಾಗಿ ಸುದ್ದಿ ಬಂದಾಗ, ಈಗ ಮಾತಾಡುತ್ತಾನೆ ಎಂದು ಎಲ್ಲರೂ ಅವನ ಬಾಯಿ ನೋಡುತ್ತ ಕೂತರು. ಅವನು ಅತ್ತ. ಅಳುವಿನಲ್ಲೂ ದನಿ ಇರಲಿಲ್ಲ. ಕಳೆದುಹೋದವರು ಸಿಕ್ಕ ಕೂಡಲೇ ಕಾಯಿಲೆ ಹೋಗುವುದಾದರೆ ಪೊಲೀಸರೇ ವೈದ್ಯರಾಗಬಹುದಿತ್ತು.

ಕೊನೆಗೆ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಎಲ್ಲ ಕೇಳಿ, ಒಂದ್ಸಲ ಕೆಮ್ಮಿ ಎಂದರು. ಮೈಕಣ್ಣ ಕೆಮ್ಮಿದ. ಕೋಣೆಯೆಲ್ಲ ಕೇಳುವಷ್ಟು ಗಟ್ಟಿ ಕೆಮ್ಮು.

ಜೊತೆಗೆ ಬಂದಿದ್ದ ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿದ್ರಾ? ಕೆಮ್ಮೋಕೆ ಬರುತ್ತೆ, ಮಾತಾಡೋಕೆ ಬರಲ್ವಂತೆ."

"ನಾನೂ ಅದನ್ನೇ ಹುಡುಕ್ತಿದ್ದೆ," ಎಂದರು ಡಾಕ್ಟರಮ್ಮ. "ದನಿ ಮನೇಲೇ ಇದೆ, ಎಲ್ಲೂ ಹೋಗಿಲ್ಲ. ಬಾಗಿಲು ಹಾಕ್ಕೊಂಡಿದೆ ಅಷ್ಟೆ. ಇವರು ಬೇಕಂತ ಹಾಕಿದ್ದಲ್ಲ. ಚಿಲಕ ಎಲ್ಲಿದೆ ಅಂತ ಇವರಿಗೂ ಗೊತ್ತಿಲ್ಲ."

ಆಮೇಲೆ ಅಮ್ಮನ ಕಡೆ ತಿರುಗಿ, ಮಾತಾಡಿ ಎಂದು ಗೋಗರೆಯಬೇಡಿ, ಬೈಯಬೇಡಿ ಎಂದರು. ಹಾಸಿಗೆಯಲ್ಲಿ ಕೂರಿಸಿ ಉಪಚಾರವನ್ನೂ ಮಾಡಬಾರದು. ನಿಲ್ದಾಣದಲ್ಲಿ ಬೇರೆ ಯಾವುದಾದರೂ ಕೆಲಸ ಮಾಡಲಿ. ಇಲ್ಲಿಗೆ ವಾರವಾರ ಬರಲಿ, ಆ ಕೆಮ್ಮನ್ನೇ ಎಳೆದು ಹೂಂ ಎನ್ನುವುದನ್ನು ತಾನು ಅಭ್ಯಾಸ ಮಾಡಿಸುತ್ತೇನೆ ಎಂದರು. "ನೀವು ಮಾತ್ರ ದಿನಾ ಆಡೋ ಮಾತನ್ನ ಆಡ್ತಾನೇ ಇರಿ. ಉತ್ತರಕ್ಕೆ ಕಾಯಬೇಡಿ."

ಮಾತಾಡುವುದು ಅಮ್ಮನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ. ತರಕಾರಿಯವನ ತಕ್ಕಡಿ, ಸೋರುವ ನಲ್ಲಿ, ಪಕ್ಕದ ಮನೆಯ ಬೆಕ್ಕು ಎಲ್ಲವೂ ದಿನವೂ ಬಂದವು. ಅಪ್ಪ ಕೆಮ್ಮುತ್ತಿದ್ದ. ಒಂದು ಸಂಜೆ ಅವಳು, ಆ ಬೆಕ್ಕು ಇವತ್ತೂ ಹಾಲಿನ ಪಾತ್ರೆಗೆ ತಲೆ ಹಾಕಿತ್ತು ಎಂದಳು.

"ಹೂಂ," ಎಂದ ಅಪ್ಪ.

ಅಮ್ಮನ ಸೌಟು ಪಾತ್ರೆಯಲ್ಲೇ ನಿಂತದ್ದನ್ನು ಮಗಳು ನೋಡಿದಳು. ಆದರೆ ಅಮ್ಮ ಹಿಂತಿರುಗಲಿಲ್ಲ. "ತಲೆ ಒಳಗೇ ಸಿಕ್ಕಿಬಿತ್ತು," ಎಂದು ಬೆಕ್ಕಿನ ಕತೆ ಮುಂದುವರಿಸಿದಳು.

ಮೈಕಣ್ಣ ಮತ್ತೆ ಮೈಕಿಗೆ ಮರಳಿದ, ನಿವೃತ್ತಿಯವರೆಗೂ ಬಸ್ಸು ಕೂಗಿದ. ಮನೆಯಲ್ಲಿ ಮಾತ್ರ, ಹೆಂಡತಿ ಏನು ಹೇಳಿದರೂ ಹೂಂ. "ಡಾಕ್ಟರಮ್ಮ ಹೂಂ ಕಲಿಸಿದ್ದೇ ಕಲಿಸಿದ್ದು, ಈ ಮನುಷ್ಯ ಊಹೂಂ ಅನ್ನೋದನ್ನೇ ಮರೆತ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅದಕ್ಕೂ ಅವನು ಹೂಂ ಎನ್ನುತ್ತಿದ್ದ.

*

ಸ್ಮಶಾನಕ್ಕೆ ಒಯ್ಯುವ ವ್ಯಾನು ಬಂತು. ಹಳೆಯ ಬಸ್ ಚಾಲಕರು ನಾಲ್ವರು ಎತ್ತಲು ಮುಂದೆ ಬಂದರು. ಮೈಕಣ್ಣ ಕೂಗದೆ ಗಾಡಿ ತೆಗೆದು ಅಭ್ಯಾಸವಿಲ್ಲ ಎಂದು ಅವರಲ್ಲೊಬ್ಬ ಮೆಲ್ಲಗೆ ಹೇಳಿ ಕಣ್ಣೊರೆಸಿಕೊಂಡ. ಕೊನೆಯ ಬಾರಿ ಮುಖ ನೋಡಿಕೊ ಎಂದರೂ ಅಮ್ಮ ಕದಲಲಿಲ್ಲ. ಚಿಕ್ಕಮ್ಮ ಮುಖಕ್ಕೆ ನೀರೆರಚಿದಳು. ದೊಡ್ಡಪ್ಪ ಅಂಗಿಯ ತೋಳು ಮಡಚುತ್ತ ಬಂದರು.

ಮಗಳು ತಟ್ಟೆ ಕೆಳಗಿಟ್ಟು ನಡುವೆ ಬಂದು ನಿಂತಳು.

"ಬಿಡಿ ದೊಡ್ಡಪ್ಪ. ಅಮ್ಮಂದು ನಾಟಕ ಅಲ್ಲ. ಅಪ್ಪಂದೂ ಆಗಿರ್ಲಿಲ್ಲ."

ದನಿ ಏರಿಸಿರಲಿಲ್ಲ. ದೊಡ್ಡಪ್ಪ ತಮ್ಮನ ಕಡೆ ನೋಡಿ, ಮಡಚಿದ ತೋಳು ಇಳಿಸಿಕೊಂಡು ವ್ಯಾನಿನ ಕಡೆ ನಡೆದರು. ನೀನೂ ಬಾ ಎಂದ ಚಿಕ್ಕಮ್ಮನಿಗೆ, ಅಮ್ಮನನ್ನು ಬಿಟ್ಟು ಬರುವುದಿಲ್ಲ ಎಂದಳು ಮಗಳು. ವ್ಯಾನಿನ ಸದ್ದು ರಸ್ತೆಯ ತಿರುವಿನಲ್ಲಿ ಅಡಗಿತು.

ಖಾಲಿ ಕುರ್ಚಿಗಳ ನಡುವೆ ಮಗಳು ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ಆಗಷ್ಟೇ ಬಿಸಿಮಾಡಿದ ಚಹಾದ ಲೋಟ ಕೈಯಲ್ಲಿತ್ತು. ಎದುರಿನ ಗೋಡೆಗೆ ಹೇಳುವಂತೆ ಶುರುಮಾಡಿದಳು. ಗ್ಯಾಸು ಮುಗಿಯುತ್ತ ಬಂದಿದೆ. ಮೊದಲ ಸಲದ ಚಹಾಕ್ಕೆ ಸಕ್ಕರೆ ಹಾಕುವುದೇ ಮರೆತಿದ್ದೆ, ಸಾವಿನ ಮನೆಯೆಂದು ಒಬ್ಬರೂ ಬಾಯಿಬಿಡದೆ ಕುಡಿದರು. ನಲ್ಲಿ ಮತ್ತೆ ಸೋರುತ್ತಿದೆ.

ಪ್ರತಿ ಮಾತಿನ ಕೊನೆಯಲ್ಲೂ ಒಂದು ಹೂಂನಷ್ಟು ಜಾಗ ಖಾಲಿ ಉಳಿಯುತ್ತಿತ್ತು.

"ಕುರ್ಚಿಯವನು ಒಂದು ಮುರುಕಲು ಕುರ್ಚಿ ಕಳಿಸಿದ್ದ ಕಣಮ್ಮ," ಎಂದಳು. "ಅಷ್ಟು ಕುರ್ಚಿ ಇದ್ರೂ ಹುಡುಕ್ಕೊಂಡು ಹೋದ ಹಾಗೆ ದೊಡ್ಡಪ್ಪ ಅದರ ಮೇಲೇ ಕೂತ್ರು."

ಅಮ್ಮ ಕೆಮ್ಮಿದಳು. ಗಟ್ಟಿ ಕೆಮ್ಮು, ದನಿಯಿದ್ದ ಕೆಮ್ಮು.

ಮಗಳ ಕೈಯ ಲೋಟ ತುಳುಕಿ ಚಹಾ ಬೆರಳ ಮೇಲೆ ಚೆಲ್ಲಿತು. ಸುಟ್ಟಿತು. ಅವಳು ಅಮ್ಮನ ಕಡೆ ತಿರುಗಲಿಲ್ಲ, ಬೆರಳನ್ನೂ ಒರೆಸಿಕೊಳ್ಳಲಿಲ್ಲ.

"ಆಮೇಲೆ ಏನಾಯ್ತು ಗೊತ್ತಾ," ಎಂದಳು.