ಗೈರಾಗಿದ್ದು ದೋಣಿ

ಶಾಲೆಯ ದೋಣಿ ಅಂದೂ ಬರಲಿಲ್ಲ. ಒಂದು ದಿನ ನದಿ ಇಳಿದಿದೆ ಎಂದರು, ಇನ್ನೊಂದು ದಿನ ಡೀಸೆಲ್ ಇಲ್ಲ ಎಂದರು. ನೆಪಕ್ಕೇನು ಬರವೇ! ಅಮೆಜಾನಿನ ಆ ಕವಲಿನ ದಡದಲ್ಲಿ ಹತ್ತು ವರ್ಷದ ಜುಸಾರಾ ಮಾತ್ರ ದಿನಾ ಸಮವಸ್ತ್ರ ತೊಟ್ಟು, ಮರದ ದಿಮ್ಮಿಯ ಮೇಲೆ ಕಾದು ಕೂತು, ಬಿಸಿಲೇರಿದ ಮೇಲೆ ಮನೆಗೆ ಮರಳುತ್ತಿದ್ದಳು.

ತಿಂಗಳ ಕೊನೆಗೆ ಬಂದದ್ದು ಒಂದು ಕಾಗದ. ಅವಳ ತಾಯಿ ಲಿಂಡಾಲ್ವಾಗೆ ಅಕ್ಷರ ಬಾರದು. ಸರ್ಕಾರದ ಕಾಗದವನ್ನು ಮಗಳೇ ಓದಬಲ್ಲಳೆಂದು ಅವಳಿಗೆ ತೋಚಲೂ ಇಲ್ಲ. ಅಂಗಡಿಯ ಅನೀಸಿಯೊ ಅದನ್ನು ಇಡೀ ಕೇರಿಗೆ ಕೇಳುವಂತೆ ಓದಿದ: "ನಿಮ್ಮ ಮಗಳು ಶಾಲೆಗೆ ಸತತ ಗೈರು. ಕುಟುಂಬ ಸಹಾಯಧನ ತಡೆಹಿಡಿಯಲಾಗಿದೆ."

ಆಮೇಲೆ ತನ್ನದೂ ಸೇರಿಸಿದ. "ಸರ್ಕಾರ ಕೊಡೋದು ಓದೋ ಮಕ್ಕಳಿಗೆ ಕಣಮ್ಮ, ಸೋಮಾರಿಗಳನ್ನ ಸಾಕೋಕಲ್ಲ."

ಲಿಂಡಾಲ್ವಾಳ ಮೈಯೆಲ್ಲ ಉರಿದುಹೋಯಿತು. "ನನ್ನ ಮಗಳು ಸೋಮಾರಿನಾ? ನಿನ್ನ ನಾಲಿಗೇನ ಪಿರಾನ್ಯಾ ಮೀನು ತಿನ್ನ!"

ಬಲೆಗೆ ಮೀನೂ ಬೀಳದ ಕಾಲ. ಆ ಹಣವಿಲ್ಲದೆ ಒಲೆ ಹೊತ್ತುವುದಿಲ್ಲ.

ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ನೇಯ್ಡಿ ಕೇಳಿದಳು, "ಶಾಲೆಗೆ ಹೋಗಿ ಹೇಳಿದ್ಯೇನೇ?"

"ಯಾಕೆ ಹೇಳ್ಲಿ? ದೋಣಿ ಅವರದ್ದು, ಬರಲಿಲ್ಲ ಅಂತ ಅವರಿಗೇ ಗೊತ್ತಿಲ್ವಾ? ಹಸಿದು ಸತ್ರೂ ಅವರ ಹತ್ರ ಬೇಡಲ್ಲ."

"ಬೇಡೋದಲ್ಲ ಕಣೇ, ಬರೆಸೋದು! ಹಾಜರಿ ಪುಸ್ತಕದಲ್ಲಿ ಗೈರಿನ ಪಕ್ಕ ಕಾರಣ ಬರೆಯೋ ಜಾಗ ಇದೆ. ಕಾಯಿಲೆ ಬಿತ್ತು, ದೋಣಿ ಬರಲಿಲ್ಲ ಅಂತ ಇದ್ರೆ ಹಣ ನಿಲ್ಲಲ್ಲ. ಖಾಲಿ ಬಿಟ್ರೆ ತಪ್ಪೆಲ್ಲ ಮಗು ತಲೆಗೆ."

"ಥೂ! ಖಾಲಿ ಬಿಟ್ಟಿದಾರಾ?"

ಮರುದಿನವೇ ಲಿಂಡಾಲ್ವಾ ಮಗಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ತಾನೇ ಹುಟ್ಟು ಹಾಕಿದಳು. ನೀರಿಲ್ಲದ ಕಡೆ ಇಳಿದು ಕೆಸರಿನಲ್ಲಿ ತೆಪ್ಪ ತಳ್ಳಿದಳು. ಶಾಲೆ ತಲುಪಲು ಮೂರು ಗಂಟೆ ಹಿಡಿಯಿತು.

ಮೇಷ್ಟ್ರು ಪುಸ್ತಕ ತೆರೆದರು. ಕಾರಣದ ಜಾಗ ಉದ್ದಕ್ಕೂ ಖಾಲಿ. "ಯಾರೂ ಹೇಳಲಿಲ್ಲವಲ್ಲಮ್ಮ" ಎಂದರು.

ಲಿಂಡಾಲ್ವಾ ಮೇಜು ಗುದ್ದಿದಳು. "ನಾನು ಹೇಳ್ತಿದೀನಿ, ಬರೀರಿ. ನನ್ನ ಮಗಳು ದಡದಲ್ಲಿ ಹಾಜರಿದ್ದಳು. ಗೈರಾಗಿದ್ದು ನಿಮ್ಮ ದೋಣಿ!"

ಮೇಷ್ಟ್ರು ತಲೆ ತಗ್ಗಿಸಿ ಬರೆದರು.

"ಏನು ಬರೆದ್ರು, ಓದೇ" ಎಂದಳು ಮಗಳಿಗೆ.

ಜುಸಾರಾ ಸಾಲಿಗೊಂದು ಬೆರಳಿಟ್ಟು ಓದಿದಳು: "ದೋಣಿ ಬರಲಿಲ್ಲ. ದೋಣಿ ಬರಲಿಲ್ಲ. ದೋಣಿ ಬರಲಿಲ್ಲ..." ಪುಟದ ಕೊನೆಯವರೆಗೂ ಒಂದಕ್ಷರ ತಪ್ಪಲಿಲ್ಲ.

ಸಹಾಯಧನ ಮತ್ತೆ ಬಂತು. ಕೇರಿಯ ತಾಯಂದಿರೆಲ್ಲ ಆ ಪುಟದ ಪ್ರತಿ ಹಿಡಿದು, ದಿನಾ ದೋಣಿ ಕಳಿಸಿ ಎಂದು ಕೇಳಲು ಸರ್ಕಾರಿ ಕಚೇರಿಗೆ ಹೊರಟರು. ಕಾಗದ ಬಂದರೆ ಲಿಂಡಾಲ್ವಾಗೆ ಈಗ ಅನೀಸಿಯೊ ಬೇಕಿಲ್ಲ, ಮನೆಯಲ್ಲೇ ಓದುವವಳಿದ್ದಾಳೆ.

ನದಿ ದಡದ ಅಕ್ಕಂದಿರೇ, ಮಗುವಿಗೆ ಶಾಲೆ ತಪ್ಪಿತೇ? ತಡಮಾಡದೆ ಹೋಗಿ ಕಾರಣ ಬರೆಸಿ. ಬರೆದದ್ದನ್ನು ಮಗುವಿನಿಂದಲೇ ಓದಿಸಿ ಕೇಳಿ. ಸಿಟ್ಟನ್ನು ಮನೆಯಲ್ಲಿಟ್ಟರೆ ಹೊಟ್ಟೆ ತುಂಬುವುದಿಲ್ಲ. ಶಾಲೆಗೆ ಹೊತ್ತುಕೊಂಡು ಹೋಗಿ.